ಪ್ರತ್ಯಕ್ಷ ಕಂಡರೂ ಪ್ರಮಾಣಿಸಬೇಕು

ಮಲೆನಾಡಿನಲ್ಲಿ ಇಂದು ಛಾಯಾಚಿತ್ರಗಳಿಗೆ ಬರವಿಲ್ಲ, ಸಾಕ್ಷ್ಯಕ್ಕೆ ಬರವಿದೆ. ಗುಡ್ಡದ ಬುಡಕ್ಕೆ ಹಿಟಾಚಿ ಬಂದು ನಿಂತ ಅರ್ಧ ತಾಸಿನೊಳಗೆ ಅದರ ಚಿತ್ರ ಊರಿನ ಮೊಬೈಲುಗಳನ್ನೆಲ್ಲ ಸುತ್ತಿ, ತಾಲ್ಲೂಕು ಕೇಂದ್ರವನ್ನು ದಾಟಿ, ಬೆಂಗಳೂರಿನಲ್ಲಿರುವ ಊರ ಮಕ್ಕಳನ್ನೂ ತಲುಪಿರುತ್ತದೆ. ಹಳ್ಳದ ನೀರು ಕೆಂಪಾದರೆ, ಕಾನಿನಲ್ಲಿ ಮರ ಉರುಳಿದರೆ, ಸೊಪ್ಪಿನಬೆಟ್ಟಕ್ಕೆ ಬೇಲಿ ಬಿದ್ದರೆ ಚಿತ್ರಗಳ ಮಳೆಯೇ ಸುರಿಯುತ್ತದೆ. ಆದರೆ ಒಂದೆರಡು ವರ್ಷ ಕಳೆದು ಪ್ರಕರಣ ವಿಚಾರಣೆಗೆ ಬಂದಾಗ ಎದುರು ಪಕ್ಷದ ವಕೀಲರು ಕೇಳುವುದು ನಾಲ್ಕೇ ಪ್ರಶ್ನೆ: ಈ ಚಿತ್ರವನ್ನು ತೆಗೆದವರು ಯಾರು? ಯಾವ ದಿನ? ಎಲ್ಲಿ ನಿಂತು? ಇದರ ಮೂಲ ಎಲ್ಲಿದೆ? ಸಾವಿರ ಜನ ಕಂಡ ಚಿತ್ರದ ಬೆನ್ನಿಗೆ ಈ ನಾಲ್ಕು ಪ್ರಶ್ನೆಗಳಿಗೆ ಉತ್ತರಿಸಬಲ್ಲ ಒಬ್ಬ ವ್ಯಕ್ತಿಯೂ ಇಲ್ಲವೆಂದಾದರೆ, ಗುಡ್ಡವಿದ್ದುದೂ ಸಂಶಯ, ಅದನ್ನು ಅಗೆದುದೂ ಸಂಶಯ ಎಂಬಂತಾಗುತ್ತದೆ.

ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆ ಕನ್ನಡಿಗರಿಗೆ ಹೊಸದಲ್ಲ. ನ್ಯಾಯಾಲಯಗಳು ಹೇಳುತ್ತಿರುವುದೂ ಇದನ್ನೇ. ಕಣ್ಣಿಗೆ ಕಂಡದ್ದು ಬೇರೆ, ಪ್ರಮಾಣಕ್ಕೆ ನಿಂತದ್ದು ಬೇರೆ. ಪರಿಸರ ಚಳವಳಿಯು ಮೊದಲನೆಯದನ್ನು ಧಾರಾಳವಾಗಿ ಸಂಗ್ರಹಿಸಿ ಎರಡನೆಯದನ್ನು ಕೈಬಿಟ್ಟಿದೆ. ಇನ್ನೊಂದೆಡೆ, ಪ್ರಮಾಣಿಸುವ ವಿಧಾನವನ್ನು ಕಾನೂನು ಹಳ್ಳಿಯ ಕೈಗೆ ಎಟುಕದಷ್ಟು ಎತ್ತರದಲ್ಲಿಟ್ಟಿದೆ. ಈ ಎರಡು ತಪ್ಪುಗಳಲ್ಲಿ ಒಂದನ್ನು ಊರುಗಳು ತಾವೇ ತಿದ್ದಿಕೊಳ್ಳಬೇಕಾಗಿದೆ. ಇನ್ನೊಂದನ್ನು ಸರ್ಕಾರದಿಂದ ತಿದ್ದಿಸಬೇಕಾಗಿದೆ.

ಚಿತ್ರ ತಾನಾಗಿ ಮಾತನಾಡುವುದಿಲ್ಲ

ಛಾಯಾಚಿತ್ರವೇ ಎಲ್ಲವನ್ನೂ ಹೇಳುತ್ತದೆ ಎಂಬುದು ಪತ್ರಿಕೆಗಳಿಗೆ ಒಪ್ಪುವ ಮಾತು, ನ್ಯಾಯಾಲಯಕ್ಕೆ ಒಪ್ಪುವುದಲ್ಲ. ಅಲ್ಲಿ ಮಾತನಾಡುವವನು ಸಾಕ್ಷಿ. ಚಿತ್ರವು ಅವನ ಮಾತಿಗೆ ಆಧಾರ ಮಾತ್ರ. ಫಿಲ್ಮ್ ಸುರುಳಿಯ ಕಾಲದಲ್ಲಿ ಇದು ಎಲ್ಲರಿಗೂ ತಿಳಿದಿತ್ತು. ಪೇಟೆಯ ಸ್ಟುಡಿಯೋದವರನ್ನು ಕರೆತಂದು ಚಿತ್ರ ತೆಗೆಸಿದರೆ ಪ್ರತಿಯೊಂದಿಗೆ ನೆಗೆಟಿವನ್ನೂ ಪಡೆದಿಡುತ್ತಿದ್ದರು. ರಸೀದಿಯನ್ನು ಜೋಪಾನ ಮಾಡುತ್ತಿದ್ದರು. ಬೇಕಾದಾಗ ಛಾಯಾಗ್ರಾಹಕನೇ ಕಟಕಟೆಗೆ ಬಂದು ‘ಇದನ್ನು ತೆಗೆದವನು ನಾನು’ ಎಂದು ಹೇಳುತ್ತಿದ್ದ. ಸುರುಳಿಗೆ ಹಣ ತೆರಬೇಕಾಗಿದ್ದುದರಿಂದ ತೆಗೆದ ಪ್ರತಿ ಚಿತ್ರಕ್ಕೂ ಲೆಕ್ಕವಿತ್ತು. ಮೊಬೈಲು ಬಂದ ಮೇಲೆ ಹಣದ ಲೆಕ್ಕ ತಪ್ಪಿತು, ಅದರೊಂದಿಗೆ ಹೊಣೆಯ ಲೆಕ್ಕವೂ ತಪ್ಪಿತು.

ನ್ಯಾಯಾಲಯದ ನಿಶಾನೆಯ ಬಗೆಗೂ ಹಳ್ಳಿಗಳಲ್ಲಿ ಒಂದು ಭ್ರಮೆಯಿದೆ. ದಾವೆಯಲ್ಲಿ ವಾದಿಯ ದಾಖಲೆಗೆ ‘ಪಿ-1’, ‘ಪಿ-2’ ಎಂದೂ ಪ್ರತಿವಾದಿಯ ದಾಖಲೆಗೆ ‘ಡಿ-1’, ‘ಡಿ-2’ ಎಂದೂ ಗುರುತು ಬೀಳುತ್ತದೆ. ಈ ಗುರುತನ್ನು ಹಾಕುವುದು ನ್ಯಾಯಾಲಯ, ಪಕ್ಷಗಾರನಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ 13ನೇ ಆದೇಶದ 4ನೇ ನಿಯಮದಂತೆ, ಸಾಕ್ಷ್ಯವಾಗಿ ಸ್ವೀಕೃತವಾದ ದಾಖಲೆಯ ಮೇಲೆ ದಾವೆಯ ಸಂಖ್ಯೆ, ಹಾಜರುಪಡಿಸಿದವರ ಹೆಸರು, ಹಾಜರುಪಡಿಸಿದ ದಿನಾಂಕ ಮತ್ತು ಸ್ವೀಕೃತವಾದ ಒಕ್ಕಣೆಗಳನ್ನು ಬರೆದು ನ್ಯಾಯಾಧೀಶರು ಸಹಿ ಹಾಕುತ್ತಾರೆ. ಹಾಗೆ ಗುರುತು ಬಿದ್ದ ಮಾತ್ರಕ್ಕೆ ಅದರೊಳಗಿನ ಸಂಗತಿ ಸಾಬೀತಾಗದು ಎಂದು ಸರ್ವೋಚ್ಚ ನ್ಯಾಯಾಲಯವು 1971ರಲ್ಲಿಯೇ ಸ್ಪಷ್ಟಪಡಿಸಿದೆ. ಚಿತ್ರವನ್ನು ಕಡತದೊಳಗೆ ಸೇರಿಸುವುದು ಮೊದಲ ಮೆಟ್ಟಿಲು. ಅದನ್ನು ಪಾಟೀಸವಾಲಿನಲ್ಲಿ ಉಳಿಸಿಕೊಳ್ಳುವುದು ನಿಜವಾದ ಏರು.

ಕಾನೂನು ನಡೆದುಬಂದ ದಾರಿ

1872ರ ಸಾಕ್ಷ್ಯ ಕಾಯಿದೆಗೆ ಮಾಹಿತಿ ತಂತ್ರಜ್ಞಾನ ಕಾಯಿದೆಯ ಮೂಲಕ 2000ದಲ್ಲಿ 65ಎ ಮತ್ತು 65ಬಿ ಎಂಬ ಕಲಂಗಳು ಸೇರಿದವು. ವಿದ್ಯುನ್ಮಾನ ದಾಖಲೆಯ ಪ್ರತಿಯನ್ನು ಹಾಜರುಪಡಿಸುವವರು ಅದರ ಹುಟ್ಟು ಮತ್ತು ಸಾಧನಗಳ ಬಗ್ಗೆ ದೃಢೀಕರಣ ಪತ್ರ ಕೊಡಬೇಕೆಂಬುದು 65ಬಿಯ ಸಾರ. ಸಂಸತ್ ಭವನದ ಮೇಲಿನ ದಾಳಿಯ ಪ್ರಕರಣದ 2005ರ ತೀರ್ಪಿನಲ್ಲಿ ದೃಢೀಕರಣವಿಲ್ಲದ ದೂರವಾಣಿ ದಾಖಲೆಗಳನ್ನೂ ಒಪ್ಪಿಕೊಳ್ಳಲಾಯಿತು. ಹೀಗಾಗಿ ಸುಮಾರು ಒಂದು ದಶಕ ಕಾಲ ಆ ಪತ್ರವನ್ನು ಯಾರೂ ಅಷ್ಟಾಗಿ ಲೆಕ್ಕಿಸಲಿಲ್ಲ.

2014ರ ಸೆಪ್ಟೆಂಬರಿನಲ್ಲಿ ಆ ಸಡಿಲಿಕೆ ಕೊನೆಗೊಂಡಿತು. ಕೇರಳದ ಒಂದು ಚುನಾವಣಾ ತಕರಾರಿನಲ್ಲಿ ಅನ್ವರ್ ಎಂಬ ಅಭ್ಯರ್ಥಿ ಪ್ರಚಾರದ ಭಾಷಣ, ಹಾಡುಗಳ ಧ್ವನಿಮುದ್ರಣವನ್ನು ಸಿ.ಡಿ.ಗಳಿಗೆ ಇಳಿಸಿ ಹಾಜರುಪಡಿಸಿದ್ದರು. ಮುದ್ರಿಸಿದ ಸಾಧನ ಬೇರೆ, ಅದನ್ನು ತುಂಬಿದ ಕಂಪ್ಯೂಟರು ಬೇರೆ, ಕೊನೆಗೆ ಬಂದ ಸಿ.ಡಿ. ಬೇರೆ, ಯಾವುದಕ್ಕೂ ದೃಢೀಕರಣ ಪತ್ರವಿರಲಿಲ್ಲ. ಸರ್ವೋಚ್ಚ ನ್ಯಾಯಾಲಯದ ತ್ರಿಸದಸ್ಯ ಪೀಠ ಆ ಸಿ.ಡಿ.ಗಳನ್ನು ಸಾಕ್ಷ್ಯವೆಂದು ಒಪ್ಪಲಿಲ್ಲ. ಮೂಲ ಮುದ್ರಣವನ್ನೇ ತಂದಿದ್ದರೆ ಮಾತು ಬೇರೆಯಾಗುತ್ತಿತ್ತೆಂಬ ಸೂಚನೆಯೂ ಆ ತೀರ್ಪಿನಲ್ಲಿದೆ. 2018ರಲ್ಲಿ ಇನ್ನೊಂದು ಪೀಠ ಈ ನಿಯಮವನ್ನು ಸಡಿಲಿಸಿತಾದರೂ, 2020ರ ಜುಲೈ 14ರಂದು ಅರ್ಜುನ್ ಪಂಡಿತರಾವ್ ಖೋತ್ಕರ್ ಪ್ರಕರಣದಲ್ಲಿ ತ್ರಿಸದಸ್ಯ ಪೀಠವು 2014ರ ನಿಲುವನ್ನೇ ಎತ್ತಿಹಿಡಿಯಿತು.

ಈ 2020ರ ತೀರ್ಪಿನಲ್ಲಿ ಬಡವರ ಪಾಲಿಗೆ ಎರಡು ಆಸರೆಗಳಿವೆ. ಮೂಲ ಸಾಧನವನ್ನೇ, ಎಂದರೆ ಮೊಬೈಲನ್ನೋ ಲ್ಯಾಪ್‌ಟಾಪನ್ನೋ, ಅದರ ಒಡೆಯನೇ ಕಟಕಟೆಗೆ ತಂದು ತನ್ನದೆಂದು ಪ್ರಮಾಣಿಸಿದರೆ ಆಗ ಪ್ರತಿಗೆ ಬೇಕಾದ ದೃಢೀಕರಣ ಪತ್ರ ಬೇಕಾಗುವುದಿಲ್ಲ ಎಂಬುದು ಒಂದು. ದಾಖಲೆಯು ಸರ್ಕಾರದ ಅಥವಾ ಎದುರಾಳಿಯ ವಶದಲ್ಲಿದ್ದು, ಕೇಳಿದರೂ ಅವರು ಪತ್ರ ಕೊಡದಿದ್ದರೆ, ಕೊಡಿಸುವಂತೆ ನ್ಯಾಯಾಲಯವನ್ನೇ ಕೇಳಬಹುದೆಂಬುದು ಇನ್ನೊಂದು. ಆ ಪ್ರಕರಣದಲ್ಲಿ ಚುನಾವಣಾಧಿಕಾರಿಗಳನ್ನು ಮತ್ತೆ ಮತ್ತೆ ಕೇಳಿದ್ದ ಅರ್ಜಿದಾರರ ಪ್ರಯತ್ನವನ್ನು ನ್ಯಾಯಾಲಯ ಮಾನ್ಯ ಮಾಡಿತು.

2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮ, 2023 ಜಾರಿಗೆ ಬಂದಿದೆ. ಅಂದು ಬಾಕಿಯಿದ್ದ ಪ್ರಕರಣಗಳು ಹಳೆಯ ಕಾಯಿದೆಯಡಿಯೇ ಮುಂದುವರಿಯುತ್ತವೆ. ಹೊಸ ಕಾಯಿದೆಯ 63ನೇ ಕಲಂ ಹಳೆಯ 65ಬಿಯ ಸ್ಥಾನದಲ್ಲಿದ್ದು, ಅದಕ್ಕಿಂತ ಬಿಗಿಯಾಗಿದೆ. ದೃಢೀಕರಣ ಪತ್ರದ ನಮೂನೆಯನ್ನು ಕಾಯಿದೆಯ ಅನುಸೂಚಿಯಲ್ಲಿಯೇ ಕೊಡಲಾಗಿದೆ. ಅದರ ‘ಎ’ ಭಾಗವನ್ನು ಪಕ್ಷಗಾರ ತುಂಬಬೇಕು: ಸಾಧನ ಯಾವುದು, ಯಾವ ಕಂಪನಿಯದು, ಯಾವ ಮಾದರಿ, ಬಣ್ಣ, ಕ್ರಮಸಂಖ್ಯೆ, ಐಎಂಇಐ ಸಂಖ್ಯೆ, ಕಡತದ ಹ್ಯಾಷ್ ಮೌಲ್ಯ. ‘ಬಿ’ ಭಾಗವನ್ನು ತಜ್ಞರು ತುಂಬಿ ಸಹಿ ಮಾಡಬೇಕು. ದಾಖಲೆಯನ್ನು ಹಾಜರುಪಡಿಸುವ ಪ್ರತಿ ಸಂದರ್ಭದಲ್ಲಿಯೂ ಪತ್ರವು ಅದರ ಜೊತೆಗಿರಬೇಕು.

ಹ್ಯಾಷ್ ಮೌಲ್ಯವೆಂಬುದು ಹೆದರಿಸುವ ಪದವೇ ಹೊರತು ಹೆದರಬೇಕಾದ ವಸ್ತುವಲ್ಲ. ಅದು ಕಡತದ ಬೆರಳಚ್ಚು. ಎಸ್‌ಎಚ್‌ಎ-256 ಎಂಬ ಗಣಿತ ವಿಧಾನವು ಎಷ್ಟೇ ದೊಡ್ಡ ಚಿತ್ರವನ್ನಾದರೂ ಓದಿ 64 ಅಕ್ಷರ-ಅಂಕಿಗಳ ಒಂದು ಸಾಲನ್ನು ಕೊಡುತ್ತದೆ. ಚಿತ್ರದ ಒಂದು ಚುಕ್ಕೆ ಬದಲಾದರೂ ಆ ಸಾಲು ಪೂರ್ಣವಾಗಿ ಬೇರೆಯಾಗುತ್ತದೆ. ಕಡತದ ಹೆಸರನ್ನಷ್ಟೇ ಬದಲಿಸಿದರೆ ಸಾಲು ಬದಲಾಗುವುದಿಲ್ಲ. ವಿಂಡೋಸ್ ಕಂಪ್ಯೂಟರಿನಲ್ಲಿ ಇದನ್ನು ತೆಗೆಯುವ ಸೌಲಭ್ಯ ಸರ್ಟ್‌ಯುಟಿಲ್ ಎಂಬ ಹೆಸರಿನಲ್ಲಿ ಮೊದಲೇ ಇದೆ. ಕಾಲೇಜಿನ ಪ್ರಯೋಗಾಲಯದಲ್ಲಿ ಕುಳಿತ ವಿದ್ಯಾರ್ಥಿಗೆ ಇದು ಎರಡು ನಿಮಿಷದ ಕೆಲಸ. ಚಿತ್ರ ತೆಗೆದ ದಿನವೇ ಈ ಸಾಲನ್ನು ಪುಸ್ತಕದಲ್ಲಿ ಬರೆದಿಟ್ಟರೆ, ಐದು ವರ್ಷದ ಬಳಿಕವೂ ಕಡತವನ್ನು ಯಾರೂ ಮುಟ್ಟಿಲ್ಲವೆಂದು ತೋರಿಸಬಹುದು.

ಚಳವಳಿಯೊಳಗಿನ ಉದಾಸೀನ

ಕಾನೂನು ಇಷ್ಟು ದೂರ ಬಂದಿರುವಾಗ ಚಳವಳಿಗಳು ಎಲ್ಲಿವೆ? ಬಹುಪಾಲು ಕಡೆ ವಾಟ್ಸ್‌ಆ್ಯಪ್ ಗುಂಪೇ ದಾಖಲೆಗಳ ಉಗ್ರಾಣವಾಗಿದೆ. ಆ ಉಗ್ರಾಣಕ್ಕೆ ಇಲಿ ಹೊಕ್ಕಿರುವುದು ಯಾರ ಗಮನಕ್ಕೂ ಬಂದಿಲ್ಲ. ಮೊಬೈಲಿನ ಕ್ಯಾಮೆರಾ ಚಿತ್ರದೊಳಗೆ ತೆಗೆದ ಸಮಯ, ಸಾಧನದ ಮಾದರಿ, ಸ್ಥಳ ಗುರುತಿಸುವ ಸೌಲಭ್ಯ ತೆರೆದಿದ್ದರೆ ಅಕ್ಷಾಂಶ-ರೇಖಾಂಶ, ಇಷ್ಟನ್ನೂ ಬರೆದಿಟ್ಟಿರುತ್ತದೆ. ವಾಟ್ಸ್‌ಆ್ಯಪಿನಲ್ಲಿ ಚಿತ್ರವಾಗಿ ಕಳಿಸಿದೊಡನೆ ಅದು ಕುಗ್ಗುತ್ತದೆ, ಈ ಮಾಹಿತಿಯೂ ಉದುರಿಹೋಗುತ್ತದೆ. ಪಡೆದವರ ಮೊಬೈಲಿನಲ್ಲಿ ಕಡತದ ಹೆಸರಿನಲ್ಲಿ ಕಾಣುವ ದಿನಾಂಕ ಗುಡ್ಡ ಅಗೆದ ದಿನದ್ದಲ್ಲ, ಚಿತ್ರ ಕೈ ಬದಲಿಸಿದ ದಿನದ್ದು. ಮೂರು ಗುಂಪು ಸುತ್ತಿಬಂದ ಚಿತ್ರಕ್ಕೆ ತಂದೆತಾಯಿಯ ಹೆಸರೇ ಇರುವುದಿಲ್ಲ. ಇಂಥ ಅನಾಥ ಚಿತ್ರಗಳನ್ನು ಕೊನೆಯ ಘಳಿಗೆಯಲ್ಲಿ ಬಣ್ಣದ ಮುದ್ರಣ ತೆಗೆಸಿ ಅರ್ಜಿಗೆ ಹೊಲಿದು ಕೊಡುವುದೇ ಹೋರಾಟವೆಂದು ತಿಳಿದಿರುವವರು ಎದುರಾಳಿಯ ವಕೀಲರ ಕೆಲಸವನ್ನು ಹಗುರ ಮಾಡುತ್ತಿದ್ದಾರೆ.

ಮೂಲದ ಗತಿ ಇನ್ನೂ ಶೋಚನೀಯ. ಚಿತ್ರ ತೆಗೆದ ಹುಡುಗ ಓದಿಗೋ ಕೆಲಸಕ್ಕೋ ಪಟ್ಟಣ ಸೇರುತ್ತಾನೆ. ದೀಪಾವಳಿಯ ರಿಯಾಯಿತಿಯಲ್ಲಿ ಹಳೆಯ ಮೊಬೈಲು ಕೊಟ್ಟು ಹೊಸದನ್ನು ಕೊಳ್ಳುತ್ತಾನೆ. ಆ ಹಳೆಯ ಸಾಧನದೊಂದಿಗೆ ಒಂದು ಊರಿನ ಹಳ್ಳದ ಸಾಕ್ಷ್ಯ ಅಂಗಡಿಯವನ ಪೆಟ್ಟಿಗೆ ಸೇರಿತೆಂಬುದು ಆ ಹುಡುಗನಿಗೂ ತಿಳಿಯದು, ಊರಿಗೂ ತಿಳಿಯದು. 2020ರ ತೀರ್ಪು ತೆರೆದಿಟ್ಟ ಬಾಗಿಲು, ಎಂದರೆ ಮೂಲ ಸಾಧನವನ್ನೇ ಹಾಜರುಪಡಿಸುವ ಅವಕಾಶ, ಆ ದಿನ ಸದ್ದಿಲ್ಲದೆ ಮುಚ್ಚಿಹೋಗುತ್ತದೆ.

ಮೂರನೆಯದು ಶೀರ್ಷಿಕೆಯ ರೋಗ. ಚಿತ್ರದ ಕೆಳಗೆ ‘ಪ್ರಕೃತಿ ಮಾತೆಯ ಮೇಲೆ ಅತ್ಯಾಚಾರ’, ‘ಭೂಗಳ್ಳರ ಅಟ್ಟಹಾಸ’ ಎಂದು ಬರೆಯುವ ಚಟ ಚಳವಳಿಗೆ ಅಂಟಿಕೊಂಡಿದೆ. ಮೆರವಣಿಗೆಯ ಫಲಕಕ್ಕೆ ಅದು ಸಲ್ಲುತ್ತದೆ. ನ್ಯಾಯಾಲಯದ ಹಾಳೆಗೆ ಸಲ್ಲುವುದಿಲ್ಲ. ವಿಶೇಷಣವು ವಾದದ ಭಾಗ, ಸಾಕ್ಷ್ಯದ ಭಾಗವಲ್ಲ. ಶೀರ್ಷಿಕೆಯಲ್ಲಿ ಸಿಟ್ಟು ಹೆಚ್ಚಿದಷ್ಟೂ ಚಿತ್ರದ ಮೇಲಿನ ನಂಬಿಕೆ ಕುಗ್ಗುತ್ತದೆ. ‘ಅಕ್ರಮವಾಗಿ ಗುಡ್ಡ ನಾಶ’ ಎಂಬ ಒಂದು ಸಾಲಿಗಿಂತ, ‘ಸರ್ವೆ ಕಲ್ಲಿನಿಂದ ಪೂರ್ವಕ್ಕೆ ಮೂವತ್ತು ಹೆಜ್ಜೆ, ಹೊಸದಾಗಿ ಕಡಿದ ಮಣ್ಣಿನ ಗೋಡೆ, ಪಕ್ಕದಲ್ಲಿ ಆರು ಅಡಿಯ ಅಳತೆ ಕೋಲು, ಗೋಡೆ ಕೋಲಿನ ಮೂರು ಪಟ್ಟು ಎತ್ತರ’ ಎಂಬ ಸಾಲು ನೂರು ಪಟ್ಟು ಹರಿತವಾದುದು. ಅಕ್ರಮ ಹೌದೋ ಅಲ್ಲವೋ ಎಂಬುದನ್ನು ಹೇಳುವ ಅಧಿಕಾರ ನ್ಯಾಯಾಧೀಶರದು. ಅವರ ಮಾತನ್ನು ಅವರಿಗಿಂತ ಮೊದಲು ಆಡುವುದರಿಂದ ಯಾವ ಲಾಭವೂ ಇಲ್ಲ.

ಹಾಳೆಯ ಮೇಲೆ ಏನಿರಬೇಕು

ಪ್ರತಿ ಊರಿನ ಸಮಿತಿ ಒಂದು ಚಿತ್ರ ದಾಖಲೆ ಪುಸ್ತಕವನ್ನಿಡಬೇಕು. ಪುಟಗಳಿಗೆ ಮೊದಲೇ ಸಂಖ್ಯೆ ಹಾಕಿರಬೇಕು. ನಡುವೆ ಹಾಳೆ ಹರಿಯಬಾರದು. ಪ್ರತಿ ಚಿತ್ರಕ್ಕೂ ಕ್ರಮಸಂಖ್ಯೆ, ದಿನಾಂಕ, ವೇಳೆ, ಗ್ರಾಮ, ಸರ್ವೆ ನಂಬರು, ನಿಂತ ಜಾಗ, ಕ್ಯಾಮೆರಾ ಮುಖಮಾಡಿದ ದಿಕ್ಕು, ತೆಗೆದವರ ಹೆಸರು, ಜೊತೆಗಿದ್ದವರ ಹೆಸರು, ಸಾಧನದ ವಿವರ, ಕಡತದ ಮೂಲ ಹೆಸರು, ಹ್ಯಾಷ್ ಮೌಲ್ಯ, ಇಷ್ಟೂ ಅದೇ ದಿನ ದಾಖಲಾಗಬೇಕು. ಸರ್ವೆ ನಂಬರು ತಿಳಿಯದಿದ್ದಲ್ಲಿ ರಾಜ್ಯದ ಭೂಮಾಪನ ಇಲಾಖೆಯ ದಿಶಾಂಕ್ ಆ್ಯಪ್ ನೆರವಾಗುತ್ತದೆ; ಗಡಿಯ ತಕರಾರಿಗೆ ಮಾತ್ರ ಅಧಿಕೃತ ಸರ್ವೆ ನಕ್ಷೆಯೇ ಬೇಕು. ದಟ್ಟ ಕಾಡಿನ ಮೇಲ್ಛಾವಣಿಯ ಕೆಳಗೆ, ಕಣಿವೆಯ ಆಳದಲ್ಲಿ ಮೊಬೈಲು ತೋರಿಸುವ ಸ್ಥಳ ಹತ್ತಾರು ಮೀಟರು ತಪ್ಪಬಹುದಾದ್ದರಿಂದ, ಸರ್ವೆ ಕಲ್ಲು, ಸೇತುವೆ, ಕಟ್ಟೆ, ದೊಡ್ಡ ಮರಗಳಂಥ ಸ್ಥಿರ ಗುರುತುಗಳನ್ನೂ ಬರೆಯಬೇಕು.

ತೆಗೆಯುವ ಕ್ರಮಕ್ಕೂ ಶಿಸ್ತು ಬೇಕು. ಮೊದಲು ದೂರದಿಂದ, ಸುತ್ತಲಿನ ಗುಡ್ಡಸಾಲು ಕಾಣುವಂತೆ, ಬಳಿಕ ನಡುವಿನಿಂದ, ಕೊನೆಗೆ ಹತ್ತಿರದಿಂದ, ಅಳತೆ ಕೋಲಿಟ್ಟು. ಬರಿಯ ಹತ್ತಿರದ ಚಿತ್ರವು ಯಾವ ಊರಿನ ಮಣ್ಣೂ ಆಗಬಹುದು. ಕೈನಕ್ಷೆಯೊಂದನ್ನು ಬರೆದು, ಚಿತ್ರದ ಸಂಖ್ಯೆ ಮತ್ತು ದಿಕ್ಕಿನ ಬಾಣವನ್ನು ಅದರಲ್ಲಿ ತೋರಿಸಿದರೆ, ಆ ಸ್ಥಳವನ್ನು ಎಂದೂ ಕಾಣದ ನ್ಯಾಯಾಧೀಶರೂ ಗುಡ್ಡವನ್ನು ಸುತ್ತಿ ಬರಬಲ್ಲರು.

ಮೂಲ ಕಡತವನ್ನು ಯಾವ ಕಾರಣಕ್ಕೂ ಮುಟ್ಟಬಾರದು. ಬೆಳಕು ಹೆಚ್ಚಿಸುವುದು, ಅಂಚು ಕತ್ತರಿಸುವುದು, ಬಾಣ ಬರೆಯುವುದು ಬೇಕೆನಿಸಿದರೆ ಪ್ರತಿಯ ಮೇಲೆ ಮಾಡಿ, ಏನು ಮಾಡಲಾಯಿತೆಂದು ಬರೆದು, ಮೂಲವನ್ನೂ ಪಕ್ಕದಲ್ಲಿಡಬೇಕು. ಮೊಬೈಲಿನ ಗಡಿಯಾರ ತಪ್ಪಿದ್ದರೆ ಕಡತದ ಸಮಯವನ್ನು ತಿದ್ದದೆ, ಎಷ್ಟು ನಿಮಿಷ ತಪ್ಪಿದೆಯೆಂದು ಪುಸ್ತಕದಲ್ಲಿ ಬರೆಯಬೇಕು. ಚೆನ್ನಾಗಿ ಬಾರದ ಚಿತ್ರಗಳನ್ನೂ ಅಳಿಸಬಾರದು. ಹನ್ನೆರಡರ ನಂತರ ಹದಿನೈದು ಬಂದರೆ, ನಡುವಿನ ಎರಡರಲ್ಲಿ ಏನಿತ್ತೆಂಬ ಪ್ರಶ್ನೆ ಬಂದೇ ಬರುತ್ತದೆ. ಚಿತ್ರಗಳನ್ನು ಕಳಿಸಲೇಬೇಕಾದಲ್ಲಿ ಚಿತ್ರವಾಗಿ ಕಳಿಸದೆ ದಾಖಲೆ ಕಡತವಾಗಿ ಕಳಿಸಬೇಕು. ಎರಡು ಪ್ರತ್ಯೇಕ ಸಾಧನಗಳಿಗೆ ಪ್ರತಿ ತೆಗೆದು, ಒಂದನ್ನು ಸಹಿ ಮಾಡಿದ ಲಕೋಟೆಯಲ್ಲಿ ಮುಚ್ಚಿ ಬೇರೆಯೇ ಮನೆಯಲ್ಲಿಡಬೇಕು. ಪ್ರಕರಣ ಮುಗಿಯುವವರೆಗೆ ಮೂಲ ಮೊಬೈಲನ್ನು ಮಾರಬಾರದು. ಬಡ ವಿದ್ಯಾರ್ಥಿಗೆ ಅದು ಹೊರೆಯಾದರೆ ಸಮಿತಿಯೇ ಅದನ್ನು ಕೊಂಡು ಇಟ್ಟುಕೊಳ್ಳಬೇಕು.

ಇದೆಲ್ಲ ಯಾವ ಕಟ್ಟೆಗೆ ಎಷ್ಟು ಬೇಕೆಂಬುದರಲ್ಲಿ ವ್ಯತ್ಯಾಸವಿದೆ. ಹೈಕೋರ್ಟಿನ ರಿಟ್ ಅರ್ಜಿಯಲ್ಲಿ ಚಿತ್ರಗಳು ಪ್ರಮಾಣಪತ್ರದ ಬೆಂಬಲದೊಂದಿಗೆ ಅನುಬಂಧಗಳಾಗಿ ಹೋಗುತ್ತವೆ. 2010ರ ಕಾಯಿದೆಯ 19ನೇ ಕಲಂ ಪ್ರಕಾರ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು ಸಾಕ್ಷ್ಯ ಕಾಯಿದೆಯ ನಿಯಮಗಳಿಗೆ ಕಟ್ಟುಬಿದ್ದಿಲ್ಲ. ಹಾಗೆಂದು ಚೆನ್ನೈನ ದಕ್ಷಿಣ ವಲಯ ಪೀಠಕ್ಕೆ ಹೆಸರಿಲ್ಲದ ಚಿತ್ರಗಳನ್ನು ಒಯ್ದರೆ ಸಾಕೆಂದು ತಿಳಿಯುವುದು ತಪ್ಪು. ಸ್ಥಳ ಪರಿಶೀಲನೆಗೆ ಸಮಿತಿಯನ್ನು ಕಳಿಸಬೇಕೆಂದು ಮಂಡಳಿಗೆ ಮೊದಲ ದಿನವೇ ಅನಿಸಬೇಕಾದರೆ ಚಿತ್ರಕ್ಕೆ ತೂಕವಿರಬೇಕು. ಮೇಲಾಗಿ, 14ನೇ ಕಲಮಿನಡಿ ಅರ್ಜಿ ಹಾಕಲು ವ್ಯಾಜ್ಯದ ಕಾರಣ ಮೊದಲು ಹುಟ್ಟಿದ ದಿನದಿಂದ ಇರುವುದು ಆರು ತಿಂಗಳು, ಸಕಾರಣವಿದ್ದರೆ ಇನ್ನು 60 ದಿನ. ಆ ದಿನ ಯಾವುದೆಂದು ತೋರಿಸುವುದೂ ದಿನಾಂಕ ಖಚಿತವಾದ ಚಿತ್ರವೇ.

ತಜ್ಞರ ಸಹಿಯೆಂಬ ಸುಂಕದ ಕಟ್ಟೆ

ಇಷ್ಟನ್ನೂ ಊರು ಮಾಡಿತೆಂದೇ ಇಟ್ಟುಕೊಳ್ಳೋಣ. ಆಗಲೂ 63ನೇ ಕಲಮಿನ ‘ಬಿ’ ಭಾಗ ಎದುರಿಗೆ ನಿಲ್ಲುತ್ತದೆ. ತಜ್ಞರೆಂದರೆ ಯಾರು? ಆ ಕಲಂ ವಿವರಿಸುವುದಿಲ್ಲ. ಅವರು ಎಲ್ಲಿ ಸಿಗುತ್ತಾರೆ? ಅನುಸೂಚಿ ಹೇಳುವುದಿಲ್ಲ. ಪೊಲೀಸರಿಗೆ ವಿಧಿವಿಜ್ಞಾನ ಪ್ರಯೋಗಾಲಯಗಳಿವೆ. ಗಣಿ ಕಂಪನಿಗೆ, ರಸ್ತೆ ಗುತ್ತಿಗೆದಾರರಿಗೆ ಹಣ ಕೊಟ್ಟು ಕರೆಸಬಲ್ಲ ಖಾಸಗಿ ತಜ್ಞರಿದ್ದಾರೆ. ಘಟ್ಟದ ನಡುವಿನ ಹಳ್ಳಿಯಲ್ಲಿ ನಾಲ್ಕು ಚಿತ್ರ ಹಿಡಿದು ನಿಂತ ಕೂಲಿಕಾರ್ಮಿಕ ಮಹಿಳೆಗೆ ಯಾರಿದ್ದಾರೆ? ಚಿತ್ರ ತೆಗೆಯಲು ಒಂದು ಪೈಸೆಯೂ ತಗುಲದ ಕಾಲದಲ್ಲಿ ಅದನ್ನು ಪ್ರಮಾಣಿಸಲು ಪಟ್ಟಣಕ್ಕೆ ಹೋಗಿ ಶುಲ್ಕ ತೆರಬೇಕೆಂದರೆ, ಅದು ನ್ಯಾಯಾಲಯದ ಹೊಸ್ತಿಲಲ್ಲಿ ಕಟ್ಟಿದ ಸುಂಕದ ಕಟ್ಟೆಯಲ್ಲದೆ ಬೇರೇನು?

ಕೃತಕ ಬುದ್ಧಿಮತ್ತೆಯಿಂದ ಇಲ್ಲದ ಗುಡ್ಡವನ್ನೂ ಇರುವಂತೆ ತೋರಿಸಬಹುದಾದ ಈ ಕಾಲದಲ್ಲಿ ಪರಿಶೀಲನೆ ಬೇಡವೆಂದು ಯಾರೂ ಹೇಳಲಾರರು. ಪ್ರಶ್ನೆಯಿರುವುದು ಪರಿಶೀಲನೆಯ ಬಗ್ಗೆ ಅಲ್ಲ, ಅದರ ವೆಚ್ಚವನ್ನು ಯಾರ ತಲೆಗೆ ಕಟ್ಟಲಾಗಿದೆ ಎಂಬ ಬಗ್ಗೆ. ಪರಿಸರಕ್ಕೆ ಹಾನಿಯಿಲ್ಲವೆಂದು ತೋರಿಸುವ ಹೊಣೆ ಯೋಜನೆ ಕೈಗೊಂಡವರದೇ ಎಂದು ಸರ್ವೋಚ್ಚ ನ್ಯಾಯಾಲಯವು 1996ರ ವೆಲ್ಲೂರು ನಾಗರಿಕರ ವೇದಿಕೆಯ ಪ್ರಕರಣದಲ್ಲಿ ಹೇಳಿದೆ. 2010ರ ಕಾಯಿದೆಯ 20ನೇ ಕಲಂ ಮುನ್ನೆಚ್ಚರಿಕೆಯ ತತ್ತ್ವವನ್ನು ಹಸಿರು ನ್ಯಾಯಮಂಡಳಿಗೆ ಕಡ್ಡಾಯ ಮಾಡಿದೆ. ತತ್ತ್ವದಲ್ಲಿ ಹೊಣೆ ಹೊತ್ತವನು ಅಗೆಯುವವನು. ನಡೆಯಲ್ಲಿ ತಜ್ಞರನ್ನು ಹುಡುಕಿ ಅಲೆಯುವವನು ನೀರು ಕಳೆದುಕೊಂಡವನು.

ಇದಕ್ಕೆ ಪರಿಹಾರ ಇರುವ ಕಾನೂನಿನಲ್ಲಿಯೇ ಇದೆ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯಿದೆಯು ಪ್ರಕರಣ ನಡೆಸುವುದರಲ್ಲಿ ಸಲ್ಲಿಸುವ ಯಾವುದೇ ಸೇವೆಯನ್ನು ‘ಕಾನೂನು ಸೇವೆ’ಯೊಳಗೆ ಸೇರಿಸುತ್ತದೆ. ಅದರ 12ನೇ ಕಲಂ ಪರಿಶಿಷ್ಟ ಜಾತಿ-ಪಂಗಡಗಳಿಗೆ, ಮಹಿಳೆಯರಿಗೆ, ನೆರೆಯಂಥ ವಿಪತ್ತಿಗೆ ಸಿಲುಕಿದವರಿಗೆ, ನಿಗದಿತ ಮಿತಿಗಿಂತ ಕಡಿಮೆ ಆದಾಯದವರಿಗೆ ಆ ಸೇವೆಯ ಹಕ್ಕನ್ನು ಕೊಡುತ್ತದೆ. ವಕೀಲರನ್ನು ಕೊಡುವುದು ಸೇವೆಯಾದರೆ ತಜ್ಞರ ದೃಢೀಕರಣ ಕೊಡಿಸುವುದೂ ಸೇವೆಯೇ. ಪ್ರತಿ ತಾಲ್ಲೂಕು ಕಾನೂನು ಸೇವಾ ಸಮಿತಿಯ ಬಳಿ ಅರ್ಹ ತಜ್ಞರ ಪಟ್ಟಿಯಿರಬೇಕು. ‘ಬಿ’ ಭಾಗದ ಸಹಿ ಅರ್ಹರಿಗೆ ಉಚಿತವಾಗಿ ದೊರೆಯಬೇಕು. ಇದನ್ನು ದಯೆಯೆಂದು ಬೇಡದೆ ಹಕ್ಕೆಂದು ಲಿಖಿತವಾಗಿ ಕೇಳಬೇಕು. ನಿರಾಕರಿಸಿದರೆ ಆ ನಿರಾಕರಣೆಯನ್ನೂ ಕಡತಕ್ಕೆ ಸೇರಿಸಬೇಕು.

ಕೆಲವು ಆಕ್ಷೇಪಗಳು

ಇದು ಹೋರಾಟಗಾರರನ್ನು ಗುಮಾಸ್ತರನ್ನಾಗಿ ಮಾಡುತ್ತದೆ ಎಂಬ ಆಕ್ಷೇಪವಿದೆ. ಬಳ್ಳಾರಿಯ ಉದಾಹರಣೆಯನ್ನು ಅಂಥವರು ನೆನೆಯಬೇಕು. ಸಮಾಜ ಪರಿವರ್ತನ ಸಮುದಾಯವು 2009ರಲ್ಲಿ ಸರ್ವೋಚ್ಚ ನ್ಯಾಯಾಲಯಕ್ಕೆ ಹೋದ ಬಳಿಕ, ಗಣಿಗಳ ಗಡಿಯನ್ನು ನೆಲದ ಮೇಲಿನ ಅಳತೆಯಿಂದಲೂ ಉಪಗ್ರಹ ಚಿತ್ರಗಳಿಂದಲೂ ತಾಳೆ ನೋಡಲಾಯಿತು. ಗುತ್ತಿಗೆಗಳು ‘ಎ’, ‘ಬಿ’, ‘ಸಿ’ ಎಂದು ವಿಂಗಡಣೆಯಾದವು. 2013ರ ಏಪ್ರಿಲ್ 18ರ ತೀರ್ಪಿನಲ್ಲಿ ‘ಸಿ’ ವರ್ಗದ 49 ಗುತ್ತಿಗೆಗಳು ರದ್ದಾದವು. ಅಲ್ಲಿ ಗಣಿಯ ಬಾಯಿ ಮುಚ್ಚಿಸಿದ್ದು ಘೋಷಣೆಯೊಂದೇ ಅಲ್ಲ. ಇಂಥ ಗುತ್ತಿಗೆ ಇಂಥ ಗಡಿಯನ್ನು ಇಷ್ಟು ಮೀರಿದೆ ಎಂಬ ಲೆಕ್ಕ.

ಸತ್ಯ ಕಣ್ಣೆದುರಿಗಿರುವಾಗ ಈ ವಿಧಿವಿಧಾನಗಳೇಕೆ ಎಂಬುದು ಎರಡನೆಯ ಆಕ್ಷೇಪ. ಎದುರಾಳಿಯೂ ಬರಿಗೈಯಲ್ಲಿ ಬರುವುದಿಲ್ಲ. ಅವನ ವರದಿಯಲ್ಲಿಯೂ ಚಿತ್ರಗಳಿರುತ್ತವೆ: ಹಸಿರು ಸಸಿಗಳು, ತಿಳಿನೀರು, ನಗುವ ಗ್ರಾಮಸ್ಥರು. ಆ ಸಸಿಗಳು ಯಾವ ಸರ್ವೆ ನಂಬರಿನವು, ಆ ನೀರು ಯಾವ ತಿಂಗಳಿನದು ಎಂದು ಕೇಳುವ ನೈತಿಕ ಬಲ ತನ್ನ ಚಿತ್ರಗಳಿಗೆ ಲೆಕ್ಕವಿಟ್ಟವನಿಗೆ ಮಾತ್ರ ಇರುತ್ತದೆ. ಇಲಾಖೆಗಳ ಕಡತದಲ್ಲಿರುವ ಚಿತ್ರಗಳ ದೃಢೀಕೃತ ಪ್ರತಿಗಳನ್ನು, ವಿದ್ಯುನ್ಮಾನ ರೂಪದಲ್ಲಿಯೂ, 2005ರ ಮಾಹಿತಿ ಹಕ್ಕು ಕಾಯಿದೆಯಡಿ ಪಡೆಯಬಹುದು.

ಮೂರನೆಯದು ಭಯ. ಹಾಳೆಯ ಮೇಲೆ ಹೆಸರು ಬರೆದವನು ಮರಗಳ್ಳರ, ಮರಳು ಸಾಗಿಸುವವರ ಕಣ್ಣಿಗೆ ಬೀಳುತ್ತಾನೆ. ಈ ಭಯ ಸುಳ್ಳಲ್ಲ. ಅದನ್ನು ಹೇಡಿತನವೆಂದು ಜರಿಯುವುದು ಪಟ್ಟಣದಲ್ಲಿ ಕುಳಿತವರಿಗೆ ಸುಲಭ. ಒಬ್ಬನ ಹೆಸರನ್ನು ಒಂಟಿಯಾಗಿ ನಿಲ್ಲಿಸಬಾರದೆಂಬುದೇ ಇದಕ್ಕೆ ಉತ್ತರ. ಚಿತ್ರ ತೆಗೆಯಲು ಇಬ್ಬರು ಮೂವರು ಕೂಡಿಯೇ ಹೋಗಬೇಕು, ಸರದಿಯಲ್ಲಿ ತೆಗೆಯಬೇಕು, ಪುಸ್ತಕಕ್ಕೆ ಸಮಿತಿಯ ಎಲ್ಲರೂ ಸಹಿ ಹಾಕಬೇಕು. ಹತ್ತು ಸಹಿಗಳಿರುವ ಪುಟದೆದುರು ಬೆದರಿಕೆಯ ಬಲ ಕುಗ್ಗುತ್ತದೆ.

ಮಳೆಗೆ ಮುಂಚಿನ ಕೆಲಸ

2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಜಾರಿದವು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿ ಬದಿಯ ಗುಡ್ಡ ಜನರನ್ನೂ ವಾಹನಗಳನ್ನೂ ಗಂಗಾವಳಿ ನದಿಗೆ ತಳ್ಳಿತು. ಕುಸಿತದ ನಂತರದ ಚಿತ್ರಗಳು ದೇಶವೆಲ್ಲ ಹರಡಿದವು. ಆದರೆ ಇಂಥ ದುರಂತಗಳ ಹೊಣೆಯನ್ನು ನಿಗದಿಪಡಿಸಲು ಬೇಕಾಗುವುದು ಕುಸಿತಕ್ಕೆ ಮುಂಚಿನ ಚಿತ್ರ: ಗುಡ್ಡದ ಬುಡವನ್ನು ಯಾವ ತಿಂಗಳಲ್ಲಿ ಕಡಿಯಲಾಯಿತು, ಎಷ್ಟು ಕಡಿದಾಗಿ ಕಡಿಯಲಾಯಿತು, ನೀರು ಹರಿಯುವ ದಾರಿಯನ್ನು ಎಲ್ಲಿ ಮುಚ್ಚಲಾಯಿತು, ಮೊದಲ ಬಿರುಕು ಎಂದು ಕಂಡಿತು. ಕುಸಿದ ಮೇಲೆ ತೆಗೆದ ಸಾವಿರ ಚಿತ್ರಗಳು ಕಣ್ಣೀರು ತರಿಸುತ್ತವೆ. ಕುಸಿಯುವ ಮುಂಚೆ ತೆಗೆದ ಒಂದು ಚಿತ್ರ, ದಿನಾಂಕ ಮತ್ತು ಹೆಸರಿನೊಂದಿಗೆ, ಮುಂದಿನ ಕುಸಿತವನ್ನೇ ತಡೆಯಬಲ್ಲದು.

ಆದ್ದರಿಂದ ಪ್ರತಿ ಊರೂ ತನ್ನ ಗುಡ್ಡ, ಹಳ್ಳ, ಕಾನುಗಳ ಸುತ್ತ ಐದಾರು ಸ್ಥಿರ ಜಾಗಗಳನ್ನು ಕಲ್ಲು ನೆಟ್ಟು ಗುರುತಿಸಲಿ. ಮಳೆಗೆ ಮೊದಲು ಒಮ್ಮೆ, ಮಳೆಯ ನಂತರ ಒಮ್ಮೆ, ಅದೇ ಜಾಗದಲ್ಲಿ ನಿಂತು, ಅದೇ ದಿಕ್ಕಿಗೆ ಚಿತ್ರ ತೆಗೆಯಲಿ. ಪ್ರೌಢಶಾಲೆ, ಕಾಲೇಜುಗಳ ಪರಿಸರ ಸಂಘಗಳು ಸಸಿ ನೆಡುವ ದಿನದಷ್ಟೇ ಶ್ರದ್ಧೆಯಿಂದ ಈ ದಿನವನ್ನೂ ಆಚರಿಸಲಿ. ಬರೆಯಲು ಒಂದು ಪುಸ್ತಕ, ಅಳೆಯಲು ಒಂದು ಕೋಲು, ಜೊತೆಗೆ ಹಿರಿಯರೊಬ್ಬರು, ಮೊಬೈಲು ಹಿಡಿದ ಕಿರಿಯರೊಬ್ಬರು ಇದ್ದರೆ ಸಾಕು. ಜೂನ್ ತಿಂಗಳ ಮೊದಲ ಮಳೆ ಬೀಳುವ ಮುನ್ನ ಮೊದಲ ಪುಟ ತುಂಬಿರಲಿ. ತಾಲ್ಲೂಕು ಕಾನೂನು ಸೇವಾ ಸಮಿತಿಗೆ ತಜ್ಞರನ್ನು ಕೇಳುವ ಅರ್ಜಿಯೂ ಅದೇ ವಾರ ಹೋಗಲಿ.